ನೀಲಿಯ ಮೇಲೆ ಹಳದಿ

ಕೊನೆಯ ಬೋಲ್ಟು ಕಳಚಿದರೂ ಎಣ್ಣೆತೊಟ್ಟಿ ಕೆಳಗೆ ಬೀಳಲಿಲ್ಲ. ಎಂಜಿನ್ನಿನ ಹೊಟ್ಟೆಗೆ ಅಂಟಿಕೊಂಡೇ ಇತ್ತು. ಸ್ಕ್ರೂಡ್ರೈವರಿನ ತುದಿಯನ್ನು ಸಂದಿಗೆ ತೂರಿಸಿ ಮೀಟಿದೆ. ಒಣಗಿದ ಗಾಯದ ಪಟ್ಟಿ ಕಿತ್ತ ಹಾಗೆ ಸದ್ದು ಮಾಡಿ ಬಿಟ್ಟುಕೊಂಡಿತು.

“ಏನಿದೆ ಹುಡುಗಿ?” ಗುಂಡಿಯ ಅಂಚಿನಿಂದ ಮೇಷ್ಟ್ರು ಕೇಳಿದರು.

ನನಗೆ ನಲವತ್ತೆರಡು. ಮೇಷ್ಟ್ರಿಗೆ ನಾನಿನ್ನೂ ಹುಡುಗಿಯೇ. ಇದೇ ಷೆಡ್ಡಿನ ಇದೇ ಗುಂಡಿಯಲ್ಲಿ ಕಾರಿನಡಿ ನಿಂತು ನಾನು ಮೊದಲ ಸಲ ಸ್ಪ್ಯಾನರ್ ಹಿಡಿದದ್ದು. ಹಿಡಿಸಿದವರು ಅವರು. ಈಗ ನಾನು ವಿಮೆ ಕಂಪನಿಯ ಸರ್ವೇಯರ್. ಕಲಿಸಿದವರ ಷೆಡ್ಡಿಗೇ ಪತ್ತೆ ಕೆಲಸಕ್ಕೆ ಬಂದಿದ್ದೆ. ಬೆಳಗ್ಗೆಯಿಂದ ಅವರ ಮುಖ ನೋಡಿ ಮಾತಾಡುವುದನ್ನು ಹೇಗೋ ತಪ್ಪಿಸಿಕೊಂಡಿದ್ದೆ. ಗುಂಡಿಯೊಳಗೆ ನಿಂತರೆ ಅದೊಂದು ಅನುಕೂಲ, ಮೇಲಿನವರ ಚಪ್ಪಲಿ ಮಾತ್ರ ಕಾಣುತ್ತದೆ.

“ಎಣ್ಣೆ ಪೂರ್ತಿ ಇತ್ತು ಮೇಷ್ಟ್ರೇ. ಬಸಿದು ಅಳೆದೆ. ಮೂರೂವರೆ ಲೀಟರ್, ತೊಟ್ಟೂ ಕಮ್ಮಿ ಇಲ್ಲ.”



ಒಂಬತ್ತು ದಿನದ ಹಿಂದೆ ಸೇತುವೆಯ ತಿರುವಿನಲ್ಲಿ ಕ್ಲಿನಿಕ್ಕಿನ ನರ್ಸಮ್ಮನ ಈ ಪುಟ್ಟ ಕಾರಿನ ಎಂಜಿನ್ ತಿರುಗದೆ ಹಿಡಿದುಕೊಂಡು ನಿಂತಿತ್ತು. ಸ್ಟೀರಿಂಗ್ ಕಲ್ಲಾಯಿತು. ಕಾರು ತಡೆಗೋಡೆಗೆ ಗುದ್ದಿ ಅವರ ಬಲ ಮಣಿಕಟ್ಟು ಮುರಿಯಿತು. ಅಂದಿನಿಂದ ಕಾರು ಕಂಪನಿಯ ಸೀಲಿನೊಳಗೆ ಇತ್ತು. ಸೀಲು ಒಡೆದು ತೊಟ್ಟಿ ಬಿಚ್ಚಿದ್ದು ಈ ದಿನವೇ.

ಊರಿಡೀ ಬೆರಳು ತೋರಿಸುತ್ತಿದ್ದದ್ದು ಒಬ್ಬನ ಕಡೆಗೆ. ಮೇಷ್ಟ್ರ ತಂಗಿಯ ಮಗ, ಈ ಷೆಡ್ಡಿನ ಮೆಕ್ಯಾನಿಕ್, ಎಲ್ಲರೂ ಕರೆಯುವುದು ಎಡಚ. ಅಪಘಾತದ ನಾಲ್ಕು ದಿನ ಮೊದಲು, ಭಾನುವಾರ ಬೆಳಗ್ಗೆ, ನರ್ಸಮ್ಮನ ಮನೆಯ ಮುಂದೆ ಅವನು ಕಾರಿನಡಿ ಮಲಗಿ ಎಣ್ಣೆ ಬಸಿದು ಡಬ್ಬಿಯಲ್ಲಿ ತುಂಬಿಕೊಂಡು ಹೋದದ್ದನ್ನು ಎದುರುಮನೆಯ ದರ್ಜಿ ನೋಡಿದ್ದ. ನರ್ಸಮ್ಮನಿಗೆ ಅವನು ಹೇಳಿದ್ದು ‘ಬ್ರೇಕ್ ನೋಡ್ತೀನಿ’ ಎಂದು. ಒಳ್ಳೆ ಎಣ್ಣೆ ಕದ್ದು ಕೊಳೆ ಎಣ್ಣೆ ಸುರಿದ ಎಂದು ದರ್ಜಿ ನಮ್ಮ ಆಫೀಸಿಗೇ ಫೋನ್ ಮಾಡಿದ್ದ.

ನಾಲ್ಕು ಗಂಟೆಗೆ ನನ್ನ ವರದಿ ಹೋಗಬೇಕು. ‘ಮೆಕ್ಯಾನಿಕ್ಕಿನ ತಪ್ಪು’ ಎಂದು ಬರೆದರೆ ಎಡಚನ ಪರವಾನಗಿ ರದ್ದು. ಆಮೇಲೆ ಯಾವ ಷೆಡ್ಡಿನಲ್ಲೂ ಅವನ ಕೈಗೆ ಸ್ಪ್ಯಾನರ್ ಕೊಡುವವರಿಲ್ಲ. ಅವನಿಗೆ ಬೇರೆ ಕೆಲಸ ಬಾರದು.

ಅವನು ಬಾಗಿಲ ಪಕ್ಕದ ಟೈರುಗಳ ಮೇಲೆ ತಲೆ ತಗ್ಗಿಸಿ ಕೂತಿದ್ದ. ಬೆಳಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ.

ನಾನು ಟಾರ್ಚು ಹಾಕಿದೆ. ಎಣ್ಣೆ ಹೀರುವ ಕೊಳವೆಯ ತುದಿಯಲ್ಲಿ ಒಂದು ಜಾಲರಿ ಇರುತ್ತದೆ. ಕಾಫಿ ಸೋಸುವ ಜಾಲರಿಗಿಂತ ದೊಡ್ಡದಲ್ಲ. ಎಂಜಿನ್ನಿನ ಗಂಟಲು ಅದೇ. ಆ ಗಂಟಲು ಕಪ್ಪು ಜಿಡ್ಡಿನಿಂದ ಪೂರಾ ಮುಚ್ಚಿತ್ತು. ಕೆಳಗೆ ಮೂರೂವರೆ ಲೀಟರ್ ಎಣ್ಣೆ, ಮೇಲೆ ಬಾಯಾರಿ ಸತ್ತ ಎಂಜಿನ್. ಕೆರೆಯ ಪಕ್ಕದಲ್ಲೇ ನೀರಡಿಕೆಯಿಂದ ಸತ್ತ ಹಾಗೆ.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನರ್ಸಮ್ಮ.

“ಮೇಡಂ, ನೋಡಿದ್ರಾ ನನ್ ಗಾಡೀನ?”

“ನೋಡ್ತಾ ಇದ್ದೀನಿ. ನೀವೆಲ್ಲಿ?”

“ತಮ್ಮನ ಕಾರಲ್ಲಿ ಬೆಟ್ಟದ ಮೇಲಿನ ಆಸ್ಪತ್ರೆಗೆ. ಕೈಗೆ ಇನ್ನೊಂದ್ಸಲ ಎಕ್ಸ್‌ರೇ ಅಂತೆ. ಜನಕ್ಕೆಲ್ಲ ಸೂಜಿ ಚುಚ್ಚಿದ ಕೈ ಅಲ್ವಾ, ಅವರ ಶಾಪ ತಟ್ಟಿದೆ.” ನಕ್ಕರು. “ಪಾಪ, ಎಡಚನ್ನ ಜಾಸ್ತಿ ಬೈಬೇಡಿ. ಮತ್ತೆ ಇವನ ಕಾರಲ್ಲಿ ನಿಂತಾಗೆಲ್ಲ ಒಂದು ಕೆಂಪು ದೀಪ ಕಣ್ಣು ಹೊಡೀತಾ ಇದೆ. ಪೋಲಿ ದೀಪ. ವೈರ್ ಲೂಸ್ ಇರ್ಬೇಕು ಅಂತಾನೆ ತಮ್ಮ.”

“ಬಂದ ಮೇಲೆ ನೋಡೋಣ ಬಿಡಿ,” ಅಂದೆ. ಕಣ್ಣು ಜಾಲರಿಯ ಮೇಲಿತ್ತು.

ಫೋನಿನಲ್ಲೇ ರೋಗ ಹೇಳಿ ಫೋನಿನಲ್ಲೇ ಮದ್ದು ಕೊಡುವುದು ನನ್ನ ಹಳೆ ಚಾಳಿ. ಊರಿನ ಮೆಕ್ಯಾನಿಕ್ಕುಗಳು ನನಗಿಟ್ಟ ಹೆಸರೇ ಫೋನ್ ಡಾಕ್ಟರಮ್ಮ. ಎದುರಿಗೆ ಯಾರೂ ಕರೆಯುವುದಿಲ್ಲ. ಕರೆದರೂ ನನಗೆ ಒಳಗೊಳಗೆ ಖುಷಿಯೇ.

ಎಣ್ಣೆ ಬಸಿಯಲು ಬಿಚ್ಚಿದ್ದ ಬೋಲ್ಟನ್ನು ಬಟ್ಟೆಯಿಂದ ಒರೆಸಿ ಅಂಗೈಯಲ್ಲಿ ಇಟ್ಟುಕೊಂಡೆ.

ಈ ಷೆಡ್ಡಿಗೆ ಒಂದು ಪದ್ಧತಿ ಇದೆ. ಬೋಲ್ಟು ಬಿಗಿದ ಮೇಲೆ ಅದರ ತಲೆಯಿಂದ ತೊಟ್ಟಿಯವರೆಗೆ ಬಣ್ಣದ ಒಂದು ಗೆರೆ ಎಳೆಯಬೇಕು. ಆಮೇಲೆ ಯಾರು ಮುಟ್ಟಿದರೂ ಗೆರೆ ಒಡೆಯುತ್ತದೆ. ವರ್ಷಕ್ಕೊಂದು ಬಣ್ಣ. ಮೂರು ವರ್ಷದ ಹಿಂದೆ ನೀಲಿ. ಆಮೇಲೆ ಬಿಳಿ. ಹೋದ ವರ್ಷ ಹಸಿರು. ಈ ವರ್ಷ ಹಳದಿ. ಕಾರಿನಡಿ ನೋಡಿದರೆ ಸಾಕು, ಮರದ ಉಂಗುರ ಎಣಿಸಿದ ಹಾಗೆ ಲೆಕ್ಕ ಸಿಗುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು.

ಬೋಲ್ಟಿನ ಮೇಲೆ ಹಳೆ ನೀಲಿ ಇತ್ತು. ನೀಲಿಯ ಮೇಲೆ ಹೊಸ ಹಳದಿ ಇತ್ತು.

ಬಿಳಿ ಇಲ್ಲ. ಹಸಿರು ಇಲ್ಲ.

ಟಾರ್ಚನ್ನು ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದೆ. ಬಣ್ಣ ಉದುರಿದ ಗುರುತೂ ಇರಲಿಲ್ಲ. ನಡುವಿನ ಎರಡು ವರ್ಷ ಈ ಬೋಲ್ಟನ್ನು ಯಾರೂ ಬಿಚ್ಚಿಯೇ ಇಲ್ಲ.

ಆದರೆ ಕಾರಿನ ಬಾಗಿಲಲ್ಲಿ ಅಂಟಿಸಿದ್ದ ಚೀಟಿಗಳು ಬೇರೆ ಕತೆ ಹೇಳುತ್ತಿದ್ದವು. ಅವುಗಳ ಪ್ರಕಾರ ಎಣ್ಣೆ ಆರು ತಿಂಗಳಿಗೊಮ್ಮೆ ತಪ್ಪದೆ ಬದಲಾಗಿದೆ. ಬೆಳಗ್ಗೆಯೇ ಅವನ್ನು ನೋಡಿದ್ದೆ. ಅಕ್ಷರ ಸ್ವಚ್ಛ. ಒಂದು ಕಡೆಯೂ ಶಾಯಿ ಒರೆಸಿಲ್ಲ. ಎಡಗೈಯಲ್ಲಿ ಬರೆಯುವವನ ಅಂಗೈ ಹಸಿ ಶಾಯಿಯ ಮೇಲೇ ಸರಿಯುತ್ತದೆ. ಎಡಚ ಬರೆದ ಚೀಟಿ ಯಾವತ್ತೂ ಕಾಡಿಗೆ ಕದಡಿದ ಕಣ್ಣು. ಈ ಚೀಟಿಗಳಲ್ಲಿ ಏಳರ ಸೊಂಟಕ್ಕೆ ಒಂದು ಅಡ್ಡಗೆರೆ ಬೇರೆ. ಹಾಗೆ ಬರೆಯುವುದನ್ನು ನಾನೂ ಇಲ್ಲೇ, ಮೇಷ್ಟ್ರಿಂದ ಕಲಿತಿದ್ದೆ.

ಇನ್ನೊಂದು ವಿಷಯ ನೆನಪಾಯಿತು. ಹಿಂದಿನ ದಿನ ಮೇಷ್ಟ್ರ ಮನೆಗೆ ಹೋಗಿದ್ದೆ. ಮಹಡಿಯ ಮಂಚ ಕೆಳಗಿನ ಹಜಾರಕ್ಕೆ ಬಂದಿತ್ತು. ‘ಮೇಲೆ ಸೆಕೆ ಕಣಮ್ಮ,’ ಎಂದಿದ್ದರು ಮೇಷ್ಟ್ರ ಹೆಂಡತಿ. ಆದರೆ ಮಂಚದ ಮೇಲೆ ದಪ್ಪ ಕಂಬಳಿ ಎರಡು ಇದ್ದವು.

ಕೇಳಲೇಬೇಕಿತ್ತು.

“ಮೇಷ್ಟ್ರೇ, ಸ್ವಲ್ಪ ಕೆಳಗೆ ಬನ್ನಿ. ಇದನ್ನ ನೀವೇ ನೋಡ್ಬೇಕು.”

“ಮೇಲೆ ತಾ. ಇಲ್ಲಿ ಬೆಳಕಿದೆ.”

“ಜಾಲರಿ ಇದ್ದಲ್ಲೇ ನೋಡ್ಬೇಕು. ಬಿಚ್ಚಿದ್ರೆ ಸಾಕ್ಷಿ ಹೋಗುತ್ತೆ.”

“ನಿನ್ನ ಕಣ್ಣಿಗೇನಾಗಿದೆ? ನಾನು ಕಲಿಸಿದ ಕಣ್ಣೇ ತಾನೆ ಅದು?”

“ಆರೇ ಮೆಟ್ಟಿಲು ಮೇಷ್ಟ್ರೇ.”

ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು. ಚಪ್ಪಲಿಗಳು ಗುಂಡಿಯ ತುದಿಗೆ ಬಂದವು. ಬಲಗಾಲು ಮೊದಲ ಮೆಟ್ಟಿಲಿಗೆ ಇಳಿಯಿತು. ಎಡಗಾಲು ಎತ್ತಿದರು, ಮತ್ತೆ ಅಲ್ಲೇ ಊರಿದರು. ಗೋಡೆ ಹಿಡಿದುಕೊಂಡರು. ಒಂದೇ ಒಂದು ಮೆಟ್ಟಿಲಲ್ಲಿ ಅವರು ಅಷ್ಟು ಹೊತ್ತು ನಿಂತರು.

“ಮಾವ, ಬೇಡ!” ಟೈರುಗಳ ಮೇಲಿದ್ದ ಎಡಚ ಓಡಿಬಂದು ಅವರ ಕಂಕುಳಿಗೆ ಕೈ ಕೊಟ್ಟ. “ಅಕ್ಕ, ನಿಮಗೆ ಅಷ್ಟೂ ತಿಳಿಯಲ್ವಾ?”

ತಿಳಿದೇ ಕರೆದಿದ್ದೆ. ಅದನ್ನು ಹೇಳಲು ನನಗೆ ನಾಚಿಕೆಯಾಯಿತು.

ಮೇಲೆ ಬಂದೆ. ಮೇಷ್ಟ್ರು ಸ್ಟೂಲಿನ ಮೇಲೆ ಕೂತಿದ್ದರು. ಬೋಲ್ಟನ್ನು ಅವರ ಅಂಗೈಗೆ ಇಟ್ಟೆ. ಅವರು ಅದನ್ನು ನೋಡಲೇ ಇಲ್ಲ. ಹೆಬ್ಬೆರಳಿನಿಂದ ನೀಲಿಯನ್ನು ಸವರಿದರು.

“ಎಷ್ಟು ದಿನದಿಂದ ಮೇಷ್ಟ್ರೇ?”

“ಮೊಣಕಾಲಾ? ಎರಡು ವರ್ಷ ಮೇಲಾಯ್ತು.”

“ಎಡಚನ್ನ ಇಳಿಸ್ಬಹುದಿತ್ತಲ್ಲ?”

“ಆ ತಾಯಿ ಏನಂತಿದ್ರು ಗೊತ್ತಾ? ‘ಮೇಷ್ಟ್ರೇ, ನನ್ನ ಗಾಡಿಗೆ ನಿಮ್ಮ ಕೈಯೇ ಆಗ್ಬೇಕು, ಬೇರೆಯೋರು ಮುಟ್ಟೋದು ಬೇಡ.’ ಇಲ್ಲೇ, ಈ ಸ್ಟೂಲ್ ಮೇಲೆ ಕೂತು ನೋಡ್ತಾ ಇರೋರು. ಅವರೆದುರಿಗೆ ಹೇಗಮ್ಮ ಹೇಳ್ಲಿ, ನನ್ನ ಕೈಲಿ ಗುಂಡಿ ಇಳಿಯೋಕಾಗಲ್ಲ ಅಂತ?” ದನಿ ಸಣ್ಣದಾಯಿತು. “ಎಣ್ಣೆ ಅಳೆಯೋ ಕಡ್ಡಿ ಎಳೆದು ನೋಡ್ದೆ. ಬೆರಳಲ್ಲಿ ಉಜ್ಜಿದೆ. ಸ್ವಲ್ಪ ಹೊಸ ಎಣ್ಣೆ ಮೇಲಿಂದ ಸುರಿದೆ. ಓಡಿರೋದೇ ಎರಡು ಸಾವಿರ ಕಿಲೋಮೀಟರ್, ಮುಂದಿನ ಸಲ ಇಳಿದು ಬದಲಿಸಿದ್ರಾಯ್ತು ಅಂದ್ಕೊಂಡು ಚೀಟಿ ಅಂಟಿಸಿದೆ. ಮುಂದಿನ ಸಲಾನೂ ಹಾಗೇ ಅಂದ್ಕೊಂಡೆ.”

“ಕಿಲೋಮೀಟರ್ ಲೆಕ್ಕ ಹಿಡೀಬೇಡಿ ಅಂತ ನಮಗೆ ಕಲಿಸಿದ್ದು ಯಾರು?”

ಹೇಳಬಾರದಿತ್ತು. ಆದರೆ ಅವರೇ ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿದರು.

“ಹತ್ತಿರ ಹತ್ತಿರ ಓಡೋ ಗಾಡಿಯ ಎಣ್ಣೆ ಬೇಗ ಕೆಡುತ್ತೆ. ಎಂಜಿನ್ ಕಾಯೋ ಹೊತ್ತಿಗೆ ಮನೆ ಬಂದಿರುತ್ತೆ. ಒಳಗಿನ ನೀರು ಆವಿಯಾಗಿ ಹೋಗಲ್ಲ, ಎಣ್ಣೇಲೇ ಉಳಿಯುತ್ತೆ. ಬೆವರು ಆರದ ಅಂಗೀನ ದಿನಾ ತೊಟ್ಟ ಹಾಗೆ. ಅಂಥ ಗಾಡಿಗೆ ತಿಂಗಳ ಲೆಕ್ಕ. ಆರು ತಿಂಗಳಾದ್ರೆ ಎಣ್ಣೆ ತೆಗಿ. ವಾರಕ್ಕೊಮ್ಮೆ ಅರ್ಧ ಗಂಟೆ ದೂರ ಓಡ್ಸು. ಎಣ್ಣೆ ಹಾಕೋ ಮುಚ್ಚಳ ಬಿಚ್ಚಿ ಒಳಗೆ ನೋಡು, ಕೆನೆ ಕಟ್ಟಿದ್ರೆ ಹುಷಾರು.”

“ನರ್ಸಮ್ಮನ ಮನೆಯಿಂದ ಕ್ಲಿನಿಕ್ಕಿಗೆ ಎಷ್ಟು ದೂರ?”

“ಎರಡು ಕಿಲೋಮೀಟರ್ ಪೂರ್ತಿ ಇಲ್ಲ.” ಅವರ ತಲೆ ಎದೆಗೆ ತಾಗುವಷ್ಟು ಬಾಗಿತು. “ಆ ಮುಚ್ಚಳ ನಾನು ಪ್ರತಿ ಸಲ ಬಿಚ್ಚಿದ್ದೀನಿ ಹುಡುಗಿ. ಹಾಲು ಹಾಕಿದ ಕಾಫಿ ಥರ ಕೆನೆ ಇತ್ತು. ಬಟ್ಟೆಯಿಂದ ಒರೆಸಿ ಮುಚ್ಚಿಟ್ಟೆ.”

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುತ್ತಾರಲ್ಲ, ಇದು ಅದಕ್ಕಿಂತ ಹೆಚ್ಚಿನದು. ಇವರು ಕಣ್ಣು ಬಿಟ್ಟುಕೊಂಡೇ ನೋಡಿದ್ದರು.

“ಎಡಚನ ಮೇಲೆ ಕಳ್ಳತನ ಹೊರಿಸಿದಾಗ್ಲಾದ್ರೂ ಹೇಳ್ಬೇಕಿತ್ತು ನೀವು.”

“ಬಾಯಿ ಬರಲಿಲ್ಲ.”

ಅಷ್ಟೇ ಅವರ ಉತ್ತರ. ಮೂವತ್ತು ವರ್ಷ ನಮಗೆಲ್ಲ ಬೈದ ಬಾಯಿ ಅದು.

ಎಡಚ ಸ್ಟೂಲಿನ ಪಕ್ಕದಲ್ಲಿ ನಿಂತಿದ್ದ. ಅವನ ಕಡೆ ತಿರುಗಿದೆ.

“ನಿನಗೆ ಯಾವಾಗ ಗೊತ್ತಾಯ್ತು?”

“ಹೋದ ತಿಂಗಳು. ನರ್ಸಮ್ಮ ಪಂಕ್ಚರ್ ಹಾಕಿಸೋಕೆ ಬಂದಿದ್ರು. ಜ್ಯಾಕ್ ಕೊಡ್ವಾಗ ಕೆಳಗೆ ನೋಡ್ದೆ. ನೀಲಿ ಗೆರೆ ಒಡೆದೇ ಇರಲಿಲ್ಲ.”

“ಅದಕ್ಕೆ ಕದ್ದು ಹೋಗಿ ಎಣ್ಣೆ ಬದಲಿಸಿದೆ.”

“ಮಾವನ ಹೆಸರು ಹೋಗ್ಬಾರ್ದು ಅಂತ.”

“ಕದ್ದು ಮಾಡಿದ ಕೆಲಸಕ್ಕೂ ಹಳದಿ ಗೆರೆ ಎಳೆದಿದ್ದೀಯಲ್ಲೋ. ಕಳ್ಳ ಯಾರಾದ್ರೂ ಸಹಿ ಹಾಕ್ತಾನಾ?”

“ಅಭ್ಯಾಸ ಅಕ್ಕ. ಗೆರೆ ಎಳೀದೆ ಎದ್ರೆ ಮಾವ ಬೆನ್ನಿಗೆ ಗುದ್ದೋರು.”

ಮೇಷ್ಟ್ರು ಮುಖ ಮುಚ್ಚಿಕೊಂಡರು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಸಿದ ಎಣ್ಣೆಯ ಪಾತ್ರೆ ನನ್ನ ಕಾಲ ಬಳಿಯಲ್ಲೇ ಇತ್ತು. ಬಗ್ಗಿ ಮೂಸಿದೆ. ಹೊಸ ಎಣ್ಣೆಯಲ್ಲಿ ಇರಬಾರದ ಒಂದು ವಾಸನೆ, ಮೂಗಿಗೆ ಚುಚ್ಚುವಂಥದ್ದು, ಕೆಸರು ಕರಗಿಸುವ ಫ್ಲಶ್ ದ್ರಾವಣದ ಹಾಗೆ. ಜಾಲರಿಯ ಮೇಲಿದ್ದ ಜಿಡ್ಡನ್ನು ನೆನಪಿಸಿಕೊಂಡೆ. ಅದು ನಿಧಾನಕ್ಕೆ ಪದರ ಕಟ್ಟಿದ ಕೊಳೆಯಲ್ಲ. ಅಂಚು ಹರಿದ ತುಣುಕುಗಳು. ಗೋಡೆಯಿಂದ ಗಾರೆ ಕಿತ್ತು ಬಂದ ಹಾಗೆ.

“ಎಡಚ, ಎಣ್ಣೆ ತೆಗೆಯೋ ಮೊದಲು ಫ್ಲಶ್ ಹಾಕಿದ್ಯಾ?”

“ಹಾಕ್ದೆ. ಒಂದು ಡಬ್ಬಿ. ಹತ್ತು ನಿಮಿಷ ಓಡಿಸಿ ಬಸಿದೆ.”

“ಅಯ್ಯೋ ಮಾರಾಯ! ಎರಡು ವರ್ಷದ ಕೆಸರು ಅದು. ತನ್ನ ಪಾಡಿಗೆ ಗೋಡೆಗೆ ಅಂಟ್ಕೊಂಡು ಬಿದ್ದಿತ್ತು. ಎಬ್ಬಿಸಿದ್ರೆ ಎಲ್ಲಿಗೆ ಹೋಗುತ್ತೆ? ಅರ್ಧ ಬಸಿದು ಬಂತು, ಅರ್ಧ ಒಳಗೇ ಸಡಿಲಾಗಿ ಉಳೀತು. ನಾಲ್ಕು ದಿನದಲ್ಲಿ ಒಂದೊಂದೇ ಬಂದು ಜಾಲರಿಗೆ ಕೂತಿದೆ. ಇಂಥ ಎಂಜಿನ್‌ಗೆ ತೊಟ್ಟಿ ಬಿಚ್ಚಿ ಕೈಯಲ್ಲೇ ತೊಳೀಬೇಕು. ಹೊಸ ಎಣ್ಣೆ ಹಾಕಿ, ಸಾವಿರ ಕಿಲೋಮೀಟರಿಗೆ ಮತ್ತೆ ತೆಗೀಬೇಕು. ನಿಧಾನಕ್ಕೆ ಕರಗಿಸ್ಬೇಕು. ಫ್ಲಶ್ ಹಾಕು ಅಂತ ನಿನಗೆ ಹೇಳಿದ ಕತ್ತೆ ಯಾವುದು?”

“ಬಿಡಿ ಅಕ್ಕ.”

“ಬಿಡೋದೇನು? ಆ ಕತ್ತೆಯ ಹೆಸರು ವರದೀಲಿ ಬರ್ಬೇಕು. ಹೇಳು.”

“ಬೇಡ ಅಕ್ಕ.”

“ಹೇಳೋ!” ಎಂದು ಮೇಷ್ಟ್ರೇ ಗದರಿದರು.

ಎಡಚ ಕಣ್ಣೆತ್ತಿದ. ಬೆಳಗ್ಗೆಯಿಂದ ಅವನು ನನ್ನ ಕಡೆ ನೋಡಿದ್ದು ಅದೇ ಮೊದಲು.

“ನೀವೇ ಅಕ್ಕ.”



ಎರಡು ವಾರದ ಹಿಂದಿನ ಶನಿವಾರ. ಮಗಳ ಶಾಲೆಯ ಪೋಷಕರ ಸಭೆ. ಸಭಾಂಗಣದ ಬಾಗಿಲಲ್ಲಿ, ಒಂದು ಕಿವಿ ಒಳಗೆ, ಒಂದು ಕಿವಿ ಫೋನಿನಲ್ಲಿ ಇಟ್ಟುಕೊಂಡು ನಿಂತಿದ್ದೆ. ‘ಅಕ್ಕ, ಒಂದು ಗಾಡಿ ಇದೆ, ಎರಡು ವರ್ಷ ಎಣ್ಣೆ ಬದಲಿಸಿಲ್ಲ. ಏನ್ಮಾಡ್ಲಿ? ಬೇಗ ಹೇಳಿ,’ ಎಂದಿದ್ದ. ‘ಫ್ಲಶ್ ಹಾಕಿ ತೊಳೆದುಬಿಡೋ. ಹತ್ತು ನಿಮಿಷದ ಕೆಲಸ.’ ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ ನೋಡಿದೆಯಾ, ಕೆಸರು ಎಷ್ಟಿದೆ, ಯಾರ ಗಾಡಿ, ಒಂದನ್ನೂ ಕೇಳಿರಲಿಲ್ಲ. ಫೋನ್ ಇಟ್ಟು ಒಳಗೆ ಹೋಗಿ ಮಗಳ ಅಂಕಪಟ್ಟಿಯಲ್ಲಿ ‘ಅವಸರದ ತಪ್ಪುಗಳು’ ಎಂದು ಟೀಚರ್ ಬರೆದದ್ದಕ್ಕೆ ಅವಳನ್ನು ಬೈದಿದ್ದೆ.

ಮೇಷ್ಟ್ರನ್ನು ಆರು ಮೆಟ್ಟಿಲಿನ ಮುಂದೆ ನಿಲ್ಲಿಸಿದವಳು ನಾನು. ಕೈಯಲ್ಲಿದ್ದ ಟಾರ್ಚು ಇನ್ನೂ ಉರಿಯುತ್ತಿರುವುದು ಕಂಡು ಆರಿಸಿದೆ. ಕಣ್ಣಿಗೆ ಬೇರೆ ಕೆಲಸ ಬೇಕಿತ್ತು.

“ಬೆಳಗ್ಗೆಯಿಂದ ಯಾಕೋ ಹೇಳಲಿಲ್ಲ?”

“ಹೇಳಿದ್ರೆ ಮಾವನ ಹೆಸರು ಹೋಗುತ್ತೆ, ನಿಮ್ಮ ಹೆಸರೂ ಹೋಗುತ್ತೆ. ಎರಡೂ ದೊಡ್ಡ ಹೆಸರು. ನಂದೇನು, ಎಡಚ. ನಂದೇ ಬರೀರಿ ಅಕ್ಕ. ಡಬ್ಬಿ ಸುರಿದ ಕೈ ನಂದೇ ತಾನೆ?”

“ನಂದು ಬರಿ,” ಎಂದರು ಮೇಷ್ಟ್ರು. “ಮೊದಲು ನಂದು.”

ಗಂಟೆ ಮೂರೂಕಾಲು. ವರದಿಯ ಹಾಳೆಯನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿದೆ. ‘ಹಾನಿಗೆ ಕಾರಣರಾದವರು’ ಎಂಬ ಸಾಲಿನ ಮುಂದೆ ಎರಡು ಬೆರಳಿನಷ್ಟು ಜಾಗ. ಇಷ್ಟು ವರ್ಷದಲ್ಲಿ ಆ ಜಾಗದಲ್ಲಿ ಎಷ್ಟು ಜನರ ಹೆಸರು ಬರೆದಿದ್ದೇನೋ, ಲೆಕ್ಕವಿಲ್ಲ. ಮೇಷ್ಟ್ರ ಹೆಸರು ಬರೆದೆ. ಅಲ್ಪವಿರಾಮ ಇಟ್ಟೆ. ನನ್ನ ಹೆಸರಿನ ಮೊದಲ ಅಕ್ಷರ ಬರೆದೆ.

ಆಗ, ಪತ್ತೇದಾರಳಾಗಿ ಎಲ್ಲಕ್ಕಿಂತ ಮೊದಲು ಕೇಳಬೇಕಿದ್ದ ಪ್ರಶ್ನೆ ನೆನಪಾಯಿತು.

“ಎಡಚ, ಫ್ಲಶ್ ಹಾಕಿದ್ದು ಇದೊಂದೇ ಗಾಡಿಗಾ?”

“ಇನ್ನೊಂದಕ್ಕೆ ಹಾಕ್ದೆ. ನಿನ್ನೆ ಬೆಳಗ್ಗೆ.”

“ನಿನ್ನೆಯಾ? ಇದು ನಿಂತುಹೋದ ಮೇಲೂನಾ?”

“ನಾನು ತಡ ಮಾಡಿದ್ದಕ್ಕೇ ಇದು ನಿಂತಿತು ಅಂದ್ಕೊಂಡಿದ್ದೆ ಅಕ್ಕ. ಜಾಲರಿ ಇವತ್ತು ತಾನೆ ಬಿಚ್ಚಿದ್ದು? ಅದೂ ಹೀಗೇ ನಿಂತ್ಬಿಡುತ್ತೆ ಅಂತ ಹೆದರಿ ಅವರ ಮನೆಗೇ ಹೋಗಿ ತೊಳೆದುಬಂದೆ. ಅದಕ್ಕೂ ಮಾವನ ಕೈಯೇ ಆಗ್ಬೇಕು ಅನ್ನೋರು. ಅದರಡೀಲೂ ನೀಲಿ ಗೆರೆ ಒಡೆದಿರಲಿಲ್ಲ. ಅಕ್ಕನ ಹಾಗೇ ತಮ್ಮ.”

“ಯಾವ ತಮ್ಮ?”

ಕೇಳುವಾಗಲೇ ಉತ್ತರ ಗೊತ್ತಾಗಿತ್ತು. ನಿಂತಾಗೆಲ್ಲ ಕಣ್ಣು ಹೊಡೆಯುವ ಕೆಂಪು ದೀಪ. ಎಣ್ಣೆಯ ಒತ್ತಡ ಬಿದ್ದಾಗ ಮಿಣುಕುವ ದೀಪ ಅದು. ಯಾವ ದೀಪ ಎಂದು ನಾನು ಕೇಳಿರಲಿಲ್ಲ.

“ನರ್ಸಮ್ಮನ ತಮ್ಮ,” ಎಂದ ಎಡಚ.

ಫೋನ್ ತೆಗೆದೆ. ಮೂರು ಸಲ ಬಡಿದ ಮೇಲೆ ಎತ್ತಿದರು.

“ಮೇಡಂ! ಎಕ್ಸ್‌ರೇ ಆಯ್ತು, ಮೂಳೆ ಚೆನ್ನಾಗಿ ಕೂಡ್ತಾ ಇದೆಯಂತೆ. ಈಗ ಬೆಟ್ಟ ಇಳೀತಾ ಇದ್ದೀವಿ. ಆ ಪೋಲಿ ದೀಪ ಈಗ ಕಣ್ಣು ಹೊಡೀತಿಲ್ಲ...”

“ಆರಿದೆಯಾ?”

“ಇಲ್ಲ, ಬಿಟ್ಟ ಕಣ್ಣು ಬಿಟ್ಟ ಹಾಗೇ ಇದೆ.”

ಅವರ ದನಿಯ ಹಿಂದೆ ಎಂಜಿನ್ ಕೇಳಿಸುತ್ತಿತ್ತು. ಟಕ, ಟಕ, ಟಕ, ಟಕ. ಒಣಗಿದ ಲೋಹಕ್ಕೆ ಲೋಹ ಬಡಿಯುವ ಸದ್ದು. ಸ್ಟೂಲಿನಿಂದ ಎದ್ದು ಪಕ್ಕಕ್ಕೆ ಬಂದಿದ್ದ ಮೇಷ್ಟ್ರಿಗೂ ಕೇಳಿಸಿತು. ಅವರು ನನ್ನ ತೋಳು ಹಿಡಿದರು.

ಆ ಇಳಿಜಾರು ನನಗೆ ಗೊತ್ತು. ಹನ್ನೊಂದು ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ, ಕಾರು ನಿಲ್ಲಿಸುವ ಜಾಗ ಎರಡೇ ಕಡೆ. ಎಂಜಿನ್ ಆರಿಸು ಅಂದರೆ ಆ ಕ್ಷಣವೇ ಸ್ಟೀರಿಂಗ್ ಕಲ್ಲಾಗುತ್ತದೆ, ಬ್ರೇಕು ತುಳಿಯಲಾಗದಷ್ಟು ಗಟ್ಟಿಯಾಗುತ್ತದೆ. ಹಾಗೇ ಓಡಿಸು ಅಂದರೆ ಯಾವ ತಿರುವಿನಲ್ಲಿ ಅದಾಗಿಯೇ ಹಿಡಿದುಕೊಳ್ಳುತ್ತದೋ ದೇವರಿಗೇ ಗೊತ್ತು. ಮಾತು ಆಡಿದರೆ ಹೋಯಿತು.

“ನರ್ಸಮ್ಮ, ಫೋನ್ ತಮ್ಮನ ಕಿವಿಗೆ ಹಿಡೀರಿ. ಈಗ ಎಲ್ಲಿದ್ದೀರಿ? ಎಷ್ಟನೇ ತಿರುವು?”

ಏನೋ ಸರಿದಾಡಿದ ಸದ್ದು. ಟಕಟಕ ಈಗ ಜೋರಾಗಿತ್ತು. ಆಮೇಲೆ ಗಂಡು ದನಿಯೊಂದು, ಅವಸರದಲ್ಲಿ:

“ಎಣಿಸಿಲ್ಲ ಮೇಡಂ. ಸ್ಟೀರಿಂಗ್ ಒಂಥರಾ ಎಳೀತಾ ಇದೆ. ಏನ್ಮಾಡ್ಲಿ? ಬೇಗ ಹೇಳಿ.”

ಎಡಚ ನನ್ನ ಬಾಯನ್ನೇ ನೋಡುತ್ತಿದ್ದ. ಎರಡು ವಾರದ ಹಿಂದೆ ಅವನು ಕೇಳಿದ್ದೂ ಇದೇ ಮಾತನ್ನು.